ಹಿಮದ ದಾರಿಗೆ ಗಾಡಿ ಸಜ್ಜು: ಜೋಜಿ ಲಾ ಕಥೆ

(1)
ಬೀದರಿಂದ ಕಾಶ್ಮೀರಕ್ಕೆ ಸ್ವಂತ ಗಾಡಿ ಒಯ್ಯಬೇಕು ಅನ್ನೋರು ಮೊದಲು ಕೇಳೋದು ಡೀಸೆಲ್ ಖರ್ಚು, ಆಮೇಲೆ ರೂಮ್ ಬಾಡಿಗೆ. ಟೈರಿನ ಬಗ್ಗೆ ಯಾರೂ ಕೇಳಲ್ಲ. ಕೇಳ್ಬೇಕ್ರಿ. ನಮ್ಮ ಕೊಳಾರದ ಬಿಸಿಲಿಗೆ ಸರಿ ಹೊಂದೋ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗ್ತಾ ಹೋಗ್ತದ, ಹಿಡಿತ ಬಿಡ್ತದ. ಬ್ರೇಕ್ ಒತ್ತಿದರೂ ಗಾಡಿ ಜಾರ್ತಾನೇ ಇರ್ತದ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ ಇರೋ ದಾರಿಯೊಳಗ ಇದು ಸಣ್ಣ ಮಾತಲ್ಲ.

(2)
ಈ ತೊಂದರೆ ಮೋಟಾರಿನಷ್ಟೇ ಹಳೇದು. ಅಮೆರಿಕದ ನ್ಯೂಯಾರ್ಕ್ ರಾಜ್ಯದೊಳಗ ಜನ ಕೆಸರು, ಹಿಮ ಬಂದಾಗ ಚಕ್ರಕ್ಕೆ ಹಗ್ಗ ಸುತ್ತುತ್ತಿದ್ದರು. ಹ್ಯಾರಿ ವೀಡ್ ಎಂಬಾತ ಹಗ್ಗದ ಬದಲು ಕಬ್ಬಿಣದ ಸರಪಳಿ ಹಾಕುವ ಉಪಾಯಕ್ಕೆ 1904ರಲ್ಲಿ ಪೇಟೆಂಟ್ ಪಡೆದ. ಹಿಮಕ್ಕೆಂದೇ ಮಾಡಿದ ಟೈರು ಬಂದದ್ದು 1934ರಲ್ಲಿ, ಫಿನ್ಲೆಂಡಿನಲ್ಲಿ. ಅದೂ ಕಾರಿಗಲ್ಲ, ಲಾರಿಗೆ. ಇವತ್ತು ನೋಕಿಯನ್ ಅಂತ ಕರೆಯೋ ಕಂಪನಿ ಅದು. ಎರಡು ವರ್ಷ ಬಿಟ್ಟು, 1936ರಲ್ಲಿ, ಕಾರಿನ ಟೈರು ಹಕ್ಕಪೆಲಿಟ್ಟಾ ಬಂತು. ಮೊದಲು ಹೊಟ್ಟೆಪಾಡಿನ ಗಾಡಿ, ಆಮೇಲೆ ಶೋಕಿಯ ಗಾಡಿ. ನನಗೆ ಈ ಲೆಕ್ಕ ಇಷ್ಟ ಆಯ್ತು.

(3)
ಈಗ ನಮ್ಮ ನಾಡಿನವರ ಕಥೆ. ಇದು ಕಾರಿನದ್ದಲ್ಲ, ಟ್ಯಾಂಕಿನದ್ದು.

1948ರ ಬೇಸಿಗೆ. ಶ್ರೀನಗರ–ಲೇಹ್ ದಾರಿಯ ಜೋಜಿ ಲಾ ಕಣಿವೆ ವೈರಿಗಳ ಕೈಗೆ ಹೋಗಿತ್ತು. ಎತ್ತರ ಸುಮಾರು 11,500 ಅಡಿ. ಶ್ರೀನಗರದಿಂದ ಲೇಹ್‌ಗೆ ಹೋಗೋ ಮುಖ್ಯ ದಾರಿ ಅದು. ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ಮಾಡಿದ ದಾಳಿ ಫಲಿಸಲಿಲ್ಲ. ಚಳಿಗಾಲ ಕೂತರೆ ಲೇಹ್ ಕಥೆ ಮುಗೀತು ಅನ್ನೋ ಪರಿಸ್ಥಿತಿ.

ಅಲ್ಲಿನ ಡಿವಿಷನ್ ಕಮಾಂಡರ್ ಮಡಿಕೇರಿಯ ಕೊಡಂದೇರ ತಿಮ್ಮಯ್ಯ. ಅವರು ಆ ಎತ್ತರಕ್ಕೆ ಟ್ಯಾಂಕ್ ಹತ್ತಿಸೋಣ ಅಂದರು! ತಂದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕು: ಸುಮಾರು 15 ಟನ್ ತೂಕ, ಒಳಗೆ ಎರಡು ಕ್ಯಾಡಿಲಾಕ್ ಎಂಜಿನ್. ಗುಟ್ಟು ಬಿಡಬಾರದು, ದಾರಿಯ ಸೇತುವೆ ಕುಸಿಯಬಾರದು ಅಂತ ತೋಪಿನ ಗೋಪುರ ಬಿಚ್ಚಿ ಬೇರೆ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗೋ ಕಾಲುದಾರಿ. ಅದನ್ನು ಬಂಡೆ ಸಿಡಿಸಿ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸ್, ಮನೆ ಬೆಂಗಳೂರಿನ ಹಲಸೂರು ಕೆರೆ ದಂಡೆ.

ಹಿಮದಲ್ಲಿ ಟ್ಯಾಂಕ್ ಯಾಕೆ ಹೂತು ಹೋಗಲಿಲ್ಲ? ತೂಕ ಉದ್ದನೆಯ ಪಟ್ಟಿಯ ಮೇಲೆ ಹಂಚಿಹೋಗ್ತದ. ಒಂದು ಇಂಚು ನೆಲದ ಲೆಕ್ಕ ಹಿಡಿದರೆ ಆ 15 ಟನ್ನಿನ ಗಾಡಿ ಒತ್ತೋದು ನಿಮ್ಮ ಕಾರಿನ ಟೈರಿಗಿಂತ ಕಮ್ಮಿ. ಖರೇನೇ.

ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಗಿ, ಕೊನೆಗೆ ನವೆಂಬರ್ 1ಕ್ಕೆ ಟ್ಯಾಂಕುಗಳು ಕಣಿವೆ ಹೊಕ್ಕವು. ಅಲ್ಲಿ ಟ್ಯಾಂಕ್ ಬರ್ತದಂತ ವೈರಿ ಕನಸಲ್ಲೂ ಎಣಿಸಿರಲಿಲ್ಲ. ನವೆಂಬರ್ 24ಕ್ಕೆ ಕಾರ್ಗಿಲ್‌ನಲ್ಲಿ ಈ ಪಡೆ ಲೇಹ್ ಕಡೆಯಿಂದ ಬಂದವರನ್ನು ಕೂಡಿಕೊಂಡಿತು.

ಒಂದು ಮಾತು ನಡುವೆ. ಅದೇ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯೂ ಸೈನ್ಯ ಬಂದಿತ್ತು, ಸೊಲ್ಲಾಪುರ–ಹೈದರಾಬಾದ್ ರಸ್ತೆ ಹಿಡಿದು. ಹಿರಿಯರು ಪೊಲೀಸ್ ಆಕ್ಷನ್ ಅಂತಾರಲ್ಲ, ಅದು. ಬೀದರಿನವರಿಗೆ 1948 ಅಂದ್ರ ಅದೊಂದೇ ನೆನಪು, ಅದರೊಳಗ ನೋವೂ ಅದ. ಹಂಗಾಗಿ ಜೋಜಿ ಲಾ ನಮ್ಮ ಮನೆ ಮಾತಿಗೆ ಬರಲೇ ಇಲ್ಲ.

(4)
ಈಗ ನಿಮ್ಮ ಗಾಡಿಗೆ ಬರೋಣ. ಟೈರಿನ ಮಗ್ಗುಲಿಗೆ ಮೂರು ಶಿಖರ, ನಡುವೆ ಹಿಮದ ಹರಳು ಇರೋ ಗುರುತು ಇದ್ದರೆ ಮಾತ್ರ ಅದು ಪರೀಕ್ಷೆ ಪಾಸಾದ ಹಿಮದ ಟೈರು. ಬರೀ ಎಂ ಪ್ಲಸ್ ಎಸ್ ಅಂತ ಬರೆದಿದ್ದಕ್ಕೆ ನಂಬಬ್ಯಾಡ್ರಿ. ಹಾಕಿದ್ರ ನಾಲ್ಕೂ ಹಾಕ್ಬೇಕು. ಒಂದು ವಾರದ ಟ್ರಿಪ್ಪಿಗೆ ನಾಲ್ಕು ಟೈರಿನ ದುಡ್ಡು ಹಾಕೋದು ಬಿ.ಕಾಂ. ಓದೋ ನನ್ನ ಲೆಕ್ಕಕ್ಕೂ ಕೂಡೋದಿಲ್ಲ. ಸರಪಳಿ ಸಾಕು, ಎಂಜಿನ್ ತಿರುಗಿಸೋ ಚಕ್ರಕ್ಕೆ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಅದು ಮುಂದಿನ ಚಕ್ರ. ಹಾಕಿ ಸ್ವಲ್ಪ ದೂರ ಹೋಗಿ ಇಳಿದು ಮತ್ತೊಮ್ಮೆ ಬಿಗೀರಿ. ಬರೀ ಡಾಂಬರು ಬಂದ ಕೂಡಲೇ ಬಿಚ್ಚಿ ಇಡ್ರಿ.

ರೇಡಿಯೇಟರಿನಲ್ಲಿ ಬೋರ್ ನೀರು ತುಂಬೋ ಚಟ ಇದ್ದರೆ ಹೊರಡೋ ಮೊದಲೇ ಖಾಲಿ ಮಾಡಿಸಿ ಕೂಲೆಂಟ್ ಹಾಕಿಸ್ರಿ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನೇ ಸೀಳ್ತದ. ಬೀದರಿನಲ್ಲಿ ತುಂಬಿಸಿದ ಡೀಸೆಲ್ ಕೂಡ ಆ ಚಳಿಗೆ ಮೇಣದಂಗ ಆಗ್ತದ. ಲಡಾಖಿಗೆ ಅಂತನೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಬೇರೆ ಡೀಸೆಲ್ ತಂತು, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ತನಕ ಹೆಪ್ಪುಗಟ್ಟಲ್ಲ. ಟ್ಯಾಂಕ್ ಅರ್ಧ ಖಾಲಿ ಇಟ್ಟುಕೊಂಡು ಹೋಗಿ ಅಲ್ಲಿ ತುಂಬಿಸ್ರಿ.

ಗಾಳಿಯನ್ನೂ ಅಲ್ಲೇ, ಬೆಳಗ್ಗೆ ಗಾಡಿ ಎತ್ತೋ ಮೊದಲು ನೋಡಿಸ್ರಿ. ಚಳಿ ಸುಮಾರು 5 ಡಿಗ್ರಿ ಏರಿದಂಗೆಲ್ಲ 1 ಪಿಎಸ್‌ಐ ಇಳೀತದ.