ವೆಂಟಿಲೇಟರ್ ರೋಗಿಯ ಬಾಯಿ ಮತ್ತು ಹಲ್ಲುಜ್ಜುವ ಬ್ರಷ್

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಗಳ ಗಂಟಲು ಸೀಳಿ ಕೊಳವೆ ಇಡಿಸಿ, ವೈದ್ಯ ವಿದ್ಯಾರ್ಥಿಗಳ ಕೈಯಿಂದ ಗಾಳಿಚೀಲ ಒತ್ತಿಸಿ ಉಸಿರು ಉಳಿಸಿದರು. ಐಸಿಯುಗಳ ಚರಿತ್ರೆ ಅಲ್ಲಿಂದಲೇ ಶುರು. ಆಮೇಲೆ ಯಂತ್ರಗಳು ಬಂದವು, ಅವುಗಳ ಬೆನ್ನಿಗೇ ನ್ಯುಮೋನಿಯಾ ಬಂತು. ಮೊದಲು ದೂರು ಹೊತ್ತದ್ದು ಉಪಕರಣಗಳು. 1969ರಲ್ಲಿ ಜೊಹಾನ್ಸನ್, ಪಿಯರ್ಸ್, ಸ್ಯಾನ್‌ಫೋರ್ಡ್ ಎಂಬ ಅಮೆರಿಕದ ವೈದ್ಯರು ಬೇರೆ ಕಡೆ ಬೆರಳು ತೋರಿದರು: ಕಾಯಿಲೆ ತೀವ್ರವಾದಷ್ಟೂ ರೋಗಿಯ ಗಂಟಲಿನಲ್ಲೇ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ನೆಲೆಯೂರುತ್ತವೆ.

ಅಲ್ಲಿಂದ ಅವು ಶ್ವಾಸಕೋಶ ಸೇರುವ ದಾರಿ ಸರಳ. ಬಾಯಲ್ಲಿ ಟ್ಯೂಬ್ ಇದ್ದರೆ ಬಾಯಿ ಮುಚ್ಚುವುದಿಲ್ಲ, ಜೊಲ್ಲು ಒಣಗುತ್ತದೆ. ಪ್ರಜ್ಞೆ ತಪ್ಪಿಸಿದ ರೋಗಿ ನುಂಗುವುದಿಲ್ಲ, ಸರಿಯಾಗಿ ಕೆಮ್ಮುವುದೂ ಇಲ್ಲ. ಟ್ಯೂಬಿನ ಸುತ್ತ ಉಬ್ಬಿಸುವ ಕಫ್ ಗಾಳಿ ಸೋರದಂತೆ ತಡೆದರೂ, ಅದರ ಮೇಲೆ ನಿಂತ ಕೊಳೆನೀರು ಕಫ್‌ನ ಮಡಿಕೆಗಳ ಸಂದಿನಿಂದ ಇಷ್ಟಿಷ್ಟೇ ಕೆಳಗೆ ಜಿನುಗುತ್ತದೆ. 1992ರಲ್ಲಿ ಸ್ಕ್ಯಾನಪಿಯಾಕೊ ಎಂಬ ಸಂಶೋಧಕರು ಮತ್ತು ಸಂಗಡಿಗರು ಐಸಿಯು ರೋಗಿಗಳ ಹಲ್ಲಿನ ಪಾಚಿಯಲ್ಲೇ ಶ್ವಾಸಕೋಶದ ಸೋಂಕು ತರುವ ಕ್ರಿಮಿಗಳನ್ನು ಕಂಡರು.

ಪಾಚಿ ಎಂದ ಮೇಲೆ ಉಜ್ಜಬೇಕು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಆದರೆ ವೈದ್ಯಲೋಕ ಔಷಧದ ಹಿಂದೆ ಹೋಯಿತು. 1996ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯ 353 ರೋಗಿಗಳಲ್ಲಿ 0.12 ಶೇಕಡ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣ ಸೋಂಕು ತಗ್ಗಿಸಿದ್ದೇ ತಡ, ಅದು ಎಲ್ಲ ಬಗೆಯ ಐಸಿಯುಗಳಿಗೂ ಹರಡಿತು. 2010ರಲ್ಲಿ ಅಮೆರಿಕದ ವೆಂಟಿಲೇಟರ್ ಆರೈಕೆಯ ಕ್ರಮಗಳ ಪಟ್ಟಿಗೂ ಸೇರಿತು. ಒಂದೆರಡು ದಿನದಲ್ಲೇ ಟ್ಯೂಬ್ ತೆಗೆಸಿಕೊಳ್ಳುವ ಹೃದ್ರೋಗಿಯೂ ವಾರಗಟ್ಟಲೆ ಮಲಗಿದವನೂ ಒಂದೇ ಅಲ್ಲ ಎಂಬುದನ್ನು ಬಹಳ ಮಂದಿ ಮರೆತರು.

ನಮ್ಮಲ್ಲೇ ಒಂದು ಎಚ್ಚರಿಕೆ ಸಿಕ್ಕಿತ್ತು. ಮುಂಬೈನ ಕೆಇಎಂ ಆಸ್ಪತ್ರೆಯ ವೈದ್ಯರು ಕ್ಲೋರ್‌ಹೆಕ್ಸಿಡಿನ್ನನ್ನು ಅಗ್ಗದ ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಗುಂಪಿನಲ್ಲಿ ನ್ಯುಮೋನಿಯಾ ಸುಮಾರು 7 ಶೇಕಡ. ಅಧ್ಯಯನಕ್ಕೆ ಮುಂಚಿನ ತಿಂಗಳುಗಳಲ್ಲಿ ಅದು 20 ಶೇಕಡ ಮೀರಿತ್ತು. ತಪ್ಪದೆ ಬಾಯಿ ಶುಚಿಗೊಳಿಸಿದ ಕೈಗಳಿಗೇ ಶ್ರೇಯ ಸಲ್ಲಬೇಕೆಂದು ನನ್ನ ಓದು. ಈ ಅಧ್ಯಯನಕ್ಕೆ ಸಿಗಬೇಕಾದಷ್ಟು ಗಮನ ಆಗ ಸಿಗಲಿಲ್ಲ.

2014ರಲ್ಲಿ ಕ್ಲೋಂಪಾಸ್ ಎಂಬ ಸಂಶೋಧಕರ ತಂಡ ಹಳೆಯ ಪ್ರಯೋಗಗಳನ್ನು ಮತ್ತೆ ತೂಗಿದಾಗ, ಹೃದಯ ಶಸ್ತ್ರಚಿಕಿತ್ಸೆಯ ಆಚೆ ಕ್ಲೋರ್‌ಹೆಕ್ಸಿಡಿನ್‌ನ ಲಾಭ ಸ್ಪಷ್ಟವಾಗಲಿಲ್ಲ. ಸಾವು ತುಸು ಹೆಚ್ಚಬಹುದೆಂಬ ಅನುಮಾನವೂ ಎದ್ದಿತು. ಟೊರೊಂಟೊದ ಆರು ಐಸಿಯುಗಳು ಅದನ್ನು ಕೈಬಿಟ್ಟು ನೋಡಿದವು. 2021ರ ಅವರ ವರದಿಯಲ್ಲಿ ಸಾವಿನ ಪ್ರಮಾಣ ಮೊದಲಿನಷ್ಟೇ ಇತ್ತು. 2022ರ ಅಮೆರಿಕದ ಮಾರ್ಗಸೂಚಿ ಕ್ಲೋರ್‌ಹೆಕ್ಸಿಡಿನ್ ಇಲ್ಲದೆ ಹಲ್ಲುಜ್ಜಿಸುವುದನ್ನು ಅಗತ್ಯ ಕ್ರಮವೆಂದಿತು. ಮರುವರ್ಷ 15 ಪ್ರಯೋಗಗಳ ಒಟ್ಟು ವಿಶ್ಲೇಷಣೆಯಲ್ಲಿ, ಹಲ್ಲುಜ್ಜಿಸಿದ ರೋಗಿಗಳಿಗೆ ನ್ಯುಮೋನಿಯಾ ಮೂರನೇ ಒಂದರಷ್ಟು ಕಡಿಮೆ ಕಂಡುಬಂತು. ಲಾಭವಾದದ್ದು ಮುಖ್ಯವಾಗಿ ವೆಂಟಿಲೇಟರ್ ಮೇಲಿದ್ದವರಿಗೆ. ದಿನಕ್ಕೆ ಎರಡು ಸಲ ಸಾಕು. ಮೂರು ಸಲ ಉಜ್ಜಿದರೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಟ್ಯೂಬ್ ಅಲುಗದಂತೆ ಹಿಡಿದು, ಬಾಯಿಯ ನೀರನ್ನು ಸಕ್ಷನ್‌ನಿಂದ ಹೀರುತ್ತಾ ಉಜ್ಜುವುದು ನಾಜೂಕಿನ ಕೆಲಸ. ಒಬ್ಬ ನರ್ಸ್ ಹಲವು ರೋಗಿಗಳನ್ನು ನೋಡುವಲ್ಲಿ ಮೊದಲು ತಪ್ಪುವುದೂ ಇದೇ. ಆಸ್ಪತ್ರೆಗಳು ದ್ರಾವಣಕ್ಕೆ ಕೊಡುವ ಹಣವನ್ನು ಇನ್ನೊಬ್ಬ ನರ್ಸಿನ ಸಂಬಳಕ್ಕೆ ಕೊಡಲಿ.