ಜೋಡಿಯಾಗಿ ಬಂದ ಪದ

ನಗಾರಿ

ಕೆಂಭಾವಿ, ಸುರಪುರದ ಕಡೆ ಈಗ ದೊಡ್ಡ ಚರ್ಮವಾದ್ಯ ಯಾವುದಿದ್ದರೂ ‘ನಗಾರಿ’ ಎಂದುಬಿಡುವವರಿದ್ದಾರೆ. ಡೊಳ್ಳೂ ನಗಾರಿ, ಹಲಗೆಯೂ ನಗಾರಿ! ಇದು ಸಲ್ಲದು, ಈ ಪದಕ್ಕೆ ತನ್ನದೇ ಆಕಾರವಿದೆ.

ಮೂಲ ಅರಬ್ಬಿಯ ‘ನಕ್ಕಾರಾ’. ‘ನ-ಕ-ರ’ ಧಾತುವಿಗೆ ಬಡಿ, ಕುಕ್ಕು ಎಂಬ ಅರ್ಥ. ಪಾರಸಿಯ ಮೂಲಕ ಸುಲ್ತಾನರ ಆಡಳಿತದೊಂದಿಗೆ ದಖ್ಖನಿಗೆ ಬಂತು. ಹಿಂದಿಯಲ್ಲಿ ‘ನಗಾಡಾ’, ಮರಾಠಿಯಲ್ಲಿ ‘ನಗಾರಾ’. ಅದನ್ನು ಬಾರಿಸುವ ಕಟ್ಟಡ ನಗಾರಖಾನೆ. ಕೆಂಭಾವಿಯಿಂದ ಪಶ್ಚಿಮಕ್ಕಿರುವ ವಿಜಯಪುರದಲ್ಲಿ ಗೋಲಗುಮ್ಮಟದ ಎದುರಿನ ನಗಾರಖಾನೆಯೇ ಈಗ ವಸ್ತುಸಂಗ್ರಹಾಲಯ. ಇನ್ನೊಂದು ದಿಕ್ಕಿಗೆ ಹೋದ ಪದ ಇಟಲಿಯಲ್ಲಿ ‘ನಕ್ಕೆರೆ’, ಇಂಗ್ಲಿಷಿನಲ್ಲಿ ‘ನೇಕರ್ಸ್’ ಆಯಿತು. ಕನ್ನಡದ ಹಳೆಯ ‘ಪರೆ’ (ತಮಿಳಿನ ‘ಪರೈ’), ಸಂಸ್ಕೃತದ ‘ಭೇರಿ’ ಇದಕ್ಕಿಂತ ಹಿರಿಯವು.

ನಕ್ಕಾರಾ ಹಲವೆಡೆ ಜೋಡಿವಾದ್ಯ: ಬಟ್ಟಲಿನಾಕಾರದ ಎರಡು, ಒಂದರದು ತಗ್ಗು ದನಿ, ಇನ್ನೊಂದರದು ಏರು ದನಿ. ತುರ್ಕಿಯ ಸೈನ್ಯದ ಮೇಳದಲ್ಲಿ ಅದರ ಜೊತೆಗೇ ‘ದವುಲ್’ ಎಂಬ ದೊಡ್ಡ ಡೋಲೂ ಮೊಳಗುತ್ತಿತ್ತು. ಯುರೋಪಿನ ಬ್ಯಾಸ್ ಡ್ರಮ್ ಹುಟ್ಟಿದ್ದು ಆ ದವುಲ್‌ನಿಂದ.

ಆ ಬ್ಯಾಸ್ ಡ್ರಮ್ಮನ್ನೂ ಜೋಡಿಯಾಗಿಸಿದವರು ಜಾಜ್ ವಾದಕರು. 1940ರ ದಶಕದಲ್ಲಿ ಲೂಯಿ ಬೆಲ್ಸನ್ ಎರಡು ಕಾಲಿಗೆ ಎರಡು ಡ್ರಮ್ ಇಟ್ಟುಕೊಂಡ. 1979ರಲ್ಲಿ ಮೋಟರ್‌ಹೆಡ್ ತಂಡದ ‘ಓವರ್‌ಕಿಲ್’ ಹಾಡಿನಲ್ಲಿ ಫಿಲ್ ಟೇಲರ್ ಅವನ್ನು ಬಿಡುವಿಲ್ಲದೆ ಓಡಿಸಿದ ಮೇಲೆ ಹೆವಿ ಮೆಟಲ್‌ಗೆ ಅದೇ ನಾಡಿಮಿಡಿತವಾಯಿತು. ಅಲ್ಲಿ ಏರು-ತಗ್ಗಿನ ಭೇದವಿಲ್ಲ. ಎರಡೂ ಕಾಲಿಗೆ ಒಂದೇ ಗಂಭೀರ ಸದ್ದು, ವೇಗವೇ ಗುರಿ. ಹಾಗಾಗಿ ಅದನ್ನು ‘ಜೋಡಿ ನಗಾರಿ’ ಎಂದು ಕನ್ನಡಿಸುವುದನ್ನು ನಾನು ಒಪ್ಪಲಾರೆ. ‘ಜೋಡಿ ಡ್ರಮ್’ ಎಂದರೆ ಸಾಕು.