ಬಿಳಿ ದಿಬ್ಬದ ನೀರು

ಬೇಸಿಗೆ ರಜೆಗೆ ಕೋಲಾರದ ಚಿನ್ನದ ಗಣಿಯಲ್ಲಿದ್ದ ದೊಡ್ಡಮ್ಮನ ಮನೆಗೆ ಹೋದರೆ ನಮಗೆ ಮೊದಲು ಕಾಣುತ್ತಿದ್ದುದು ಚಿನ್ನವಲ್ಲ, ಚಪ್ಪಟೆ ನೆತ್ತಿಯ ಮಾಸಲು ಬಿಳಿ ಗುಡ್ಡಗಳು. ‘ಸೈನೈಡ್ ದಿಬ್ಬ’ ಎಂದು ಊರವರು ಕರೆಯುತ್ತಿದ್ದರು. ಗಾಳಿ ಎದ್ದರೆ ಸಾಕು, ದೊಡ್ಡಮ್ಮ ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಓಡುತ್ತಿದ್ದಳು. “ಕೊಡ ಮುಚ್ಚೇ, ದಿಬ್ಬ ಹಾರಿ ಬರ್ತದೆ” ಎಂದು ನನ್ನನ್ನು ಕೂಗುತ್ತಿದ್ದಳು. ತಟ್ಟೆ ಮುಚ್ಚಿದರೆ ಸಾಲದು, ಅದರ ಮೇಲೆ ಒದ್ದೆ ಬಟ್ಟೆಯನ್ನೂ ಹಾಸಬೇಕು.

ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಇಳಿದದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಇದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಪಾಠ ಮಾಡುತ್ತೇವೆ. ನೀರಿನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಅದು. ಪಾಲಾರ್ ಕೂಡ ಮಳೆ ಬಂದರೆ ಉಂಟು, ಇಲ್ಲವಾದರೆ ಬರೀ ಮರಳು. ಅದರ ಮೇಲಿನ ಬೇತಮಂಗಲದ ಹಳೆಯ ಕೆರೆಯೇ ಗಣಿಗೂ ಗಣಿಯ ಊರಿಗೂ ನೀರು ಕೊಟ್ಟಿತು.

ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬ. ಕೊನೆಗಾಲದಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಮಿಕ್ಕದ್ದೆಲ್ಲ ಹೊರಗೆ ಬಿತ್ತು. ಸೈನೈಡ್ ಬಿಸಿಲಿಗೆ, ಗಾಳಿಗೆ ಬಹುಪಾಲು ಒಡೆದು ಹೋಗುತ್ತದಂತೆ. ಪುಡಿ ಎಲ್ಲಿಗೆ ಹೋಗಬೇಕು? ಅದರಲ್ಲಿ ಎಲೆ ಕೊಳೆತ ಸಾರವಿಲ್ಲ, ಹಿಡಿದಿಡಲು ಬೇರಿಲ್ಲ. ದಸರಾ ರಜೆಯ ಮಳೆಯಲ್ಲಿ ನೋಡಬೇಕು: ದಿಬ್ಬದ ಮೈಯಲ್ಲಿ ಆಳು ಮುಳುಗುವಷ್ಟು ಕೊರಕಲು, ಕೆಳಗಿನ ಹಳ್ಳದಲ್ಲಿ ಗಂಜಿಯಂಥ ನೀರು.

ನಮ್ಮ ಕಡೆ ಕೆರೆ ಬತ್ತಿದಾಗ ಗೋಡು ಎತ್ತಿ ಹೊಲಕ್ಕೆ ಹೊಡೆಯುವುದು ಹಬ್ಬದಂಥ ಕೆಲಸ. ಮಳೆ ಕೊಚ್ಚಿ ತಂದ ಮಣ್ಣೇ ರಾಗಿಗೆ ಗೊಬ್ಬರ. ದಿಬ್ಬದ ಪುಡಿಯನ್ನು ತಂದದ್ದೂ ಅದೇ ಮಳೆ, ಆದರೆ ಈ ಗೋಡನ್ನು ಯಾರೂ ಗಾಡಿಗೆ ತುಂಬಲಿಲ್ಲ. ಒಣಗಿದರೆ ಹಪ್ಪಳದಂತೆ ಬಿರಿಯುತ್ತಿತ್ತು. ದೂರುವುದಾದರೂ ಯಾರಲ್ಲಿ? ಒಲೆ ಉರಿಯುತ್ತಿದ್ದುದು ಗಣಿಯ ಸಂಬಳದಿಂದಲೇ. ದೊಡ್ಡಪ್ಪ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ದಿಬ್ಬ ಉಳಿಯಿತು. ದೊಡ್ಡಮ್ಮ ಈಗ ಮಗನ ಜೊತೆ ಬೆಂಗಳೂರಿನಲ್ಲಿದ್ದಾಳೆ. ನಮ್ಮ ಮನೆಗೆ ಬಂದಾಗಲೂ ರಾತ್ರಿ ಎದ್ದು, ಮುಚ್ಚಳವಿರುವ ಸ್ಟೀಲ್ ಫಿಲ್ಟರಿನ ಮೇಲೆ ಒಂದು ಒದ್ದೆ ಬಟ್ಟೆ ಹಾಸಿ ಮಲಗುತ್ತಾಳೆ.